ಒಂದೂವರೆ ಸುತ್ತು

ಆ ಸ್ಕ್ರೂ ತಿರುಗಿಸಿದ್ದು ನಾನು. ಇವರಲ್ಲ.

ಮೂರು ವರ್ಷದ ಹಿಂದಿನ ಆಯುಧಪೂಜೆಯ ಮಧ್ಯಾಹ್ನ, ಇವರು ಒಬ್ಬಟ್ಟಿನ ಊಟ ಮುಗಿಸಿ ಮಲಗಿದ್ದಾಗ, ಪೂಜೆಗೆ ಇಟ್ಟಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡು, ಇವರ ಹಳೆಯ ಬೈಕಿನ ಕಾರ್ಬ್ಯುರೇಟರಿನಲ್ಲಿರುವ ಏರ್ ಸ್ಕ್ರೂವನ್ನು ಎರಡು ಸುತ್ತು ಹೊರಕ್ಕೆ ತಿರುಗಿಸಿಟ್ಟವಳು ನಾನು. ಅಷ್ಟೇ ಆಗಿದ್ದರೆ — ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಎರಡು ಸುತ್ತು ಹೊರಗೆ ಹೋದ ಸ್ಕ್ರೂ ಎರಡು ಸುತ್ತು ಒಳಗೆ ಬಂದರೆ ಸರಿಹೋಗುತ್ತದೆ. ಆದರೆ ಮಾರನೆಯ ಬೆಳಿಗ್ಗೆ ನಾನು ಇವರಿಗೆ ಹೇಳಿದ ಒಂದು ಮಾತಿದೆಯಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಇಂದಿಗೂ ನನಗೆ ಗೊತ್ತಾಗಿಲ್ಲ.

ಇವರು ಎಂದರೆ ನನ್ನ ಯಜಮಾನರು. ವಿಜಯನಗರದ ನಮ್ಮ ಬೀದಿಯಲ್ಲಿ ಫಿಟ್ಟರ್ ರಂಗಣ್ಣ ಎಂದರೆ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಹೆಸರು ಬರೆಯಲು ಕೈ ಓಡುವುದಿಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ಅದೊಂದು ಸಂಕೋಚ ಹೋಗಿಲ್ಲ, ಹಾಗಾಗಿ ಇವರು ಎಂದೇ ಬರೆಯುತ್ತೇನೆ. ರಾಜಾಜಿನಗರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವಳು. ಪ್ರಯೋಗಾಲಯದಲ್ಲಿ ಬೀಕರ್ ಒಡೆದಾಗಲೆಲ್ಲ ಮಕ್ಕಳ ಮುಂದೆ ಕೈಕಟ್ಟಿ ನಿಂತು, ‘ಯಾರು ಒಡೆದಿದ್ದು, ಎದ್ದು ನಿಲ್ಲಿ, ಒಪ್ಪಿಕೊಂಡರೆ ಏನೂ ಮಾಡುವುದಿಲ್ಲ’ ಎನ್ನುತ್ತಿದ್ದೆ. ಒಪ್ಪಿಕೊಂಡವರಿಗೂ ಎರಡು ಬಿಟ್ಟಿದ್ದೇನೆ, ಅದು ಬೇರೆ ಮಾತು. ಈಗ ನಾನೇ ಎದ್ದು ನಿಲ್ಲುವ ಸರದಿ. ಮೂರು ವರ್ಷ ತಡವಾಗಿ.

ಬೈಕಿನ ಕಥೆ ಹೇಳದಿದ್ದರೆ ಏನೂ ಅರ್ಥವಾಗುವುದಿಲ್ಲ. ಮದುವೆಯಾದ ಮರುವರ್ಷ ಇವರು ಯಾರಿಂದಲೋ ಕೊಂಡು ತಂದ ಎರಡು ಸ್ಟ್ರೋಕಿನ ಬೈಕು ಅದು. ಅದರ ಹಿಂದೆ ಒಂದೇ ಕಡೆ ಕಾಲು ಹಾಕಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಷ್ಟೋ ವರ್ಷ ಶಾಲೆಗೆ ಹೋದೆ. ಮಗಳು ಸುಮ ಟ್ಯಾಂಕಿನ ಮೇಲೆ ಕುಳಿತೇ ಬೆಳೆದಳು. ಆಮೇಲೆ ಸ್ಕೂಟರ್ ಬಂತು, ಬೈಕು ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ಹದಿನೆಂಟು ವರ್ಷ ನಿಂತಿತು. ಅದರ ಸೀಟಿನ ಮೇಲೆ ಬೆಕ್ಕು ಎರಡು ಸಲ ಮರಿ ಹಾಕಿದೆ. ನಿವೃತ್ತಿಯಾಗಿ ಒಂದು ತಿಂಗಳು ಸುಮ್ಮನೆ ಕುಳಿತ ಇವರು, ಒಂದು ಬೆಳಿಗ್ಗೆ ಕಾಫಿ ಕುಡಿದವರೇ ಆ ಟಾರ್ಪಾಲು ಎಳೆದರು.

ಎಂಜಿನ್, ವೈರಿಂಗು, ಪೇಂಟು — ಎಲ್ಲವೂ ಒಂದು ವರ್ಷದಲ್ಲಿ ಮುಗಿಯಿತು. ಕಾರ್ಬ್ಯುರೇಟರ್ ಒಂದೇ ಎಂಟು ತಿಂಗಳು ತೆಗೆದುಕೊಂಡಿತು. ತಿಳಿಯದವರಿಗೆ ಹೇಳುವುದಾದರೆ, ಅದು ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ, ಮುಷ್ಟಿಯಷ್ಟು ದೊಡ್ಡ ಒಂದು ಲೋಹದ ಡಬ್ಬಿ. ಒಳಗೆ ಹಳೆಯ ಪೆಟ್ರೋಲು ಒಣಗಿ ಅಂಟಾಗಿತ್ತು. ಕೂದಲು ತೂರುವಷ್ಟು ಸಣ್ಣ ತೂತುಗಳಿರುವ ಜೆಟ್ಟುಗಳು ಕಟ್ಟಿಕೊಂಡಿದ್ದವು. ಅವನ್ನು ತೊಳೆದರೆ ಪೆಟ್ರೋಲು ತುಂಬಿದಾಗ ದಾರಿ ಮುಚ್ಚುವ ಫ್ಲೋಟಿನ ಸೂಜಿ ಸರಿಯಾಗಿ ಕೂರದೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಸೂಜಿ ಬದಲಿಸಿದರೆ, ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ವಾಷರು ಉಬ್ಬಿಕೊಂಡು ಮುಚ್ಚಳ ಕೂರುತ್ತಿರಲಿಲ್ಲ. ಇವರ ಬಳಿ ಕೆಲಸ ಕಲಿತು ಈಗ ಮಾರುಕಟ್ಟೆ ಹಿಂದೆ ಗ್ಯಾರೇಜು ಇಟ್ಟಿರುವ ಪುಟ್ಟರಾಜು ಬಂದು ನೋಡಿ, “ಹೊಸದು ಹಾಕ್ಬಿಡೋಣ ಗುರುಗಳೇ, ಅರ್ಧ ಗಂಟೆ ಕೆಲ್ಸ” ಎಂದ.

“ಹೊಸದು ಹಾಕೋಕೆ ನಾನ್ಯಾಕೋ ಬೇಕು?” ಎಂದರು ಇವರು.

ಬಿಚ್ಚಿದ ಸಣ್ಣ ಸಣ್ಣ ಭಾಗಗಳು ಕಳೆದುಹೋಗಬಾರದೆಂದು ನನ್ನ ಇಡ್ಲಿ ತಟ್ಟೆಯೊಂದನ್ನು ಕದ್ದೊಯ್ದರು. ಒಂದೊಂದು ಕುಳಿಯಲ್ಲಿ ಒಂದೊಂದು — ಇದು ಪೈಲಟ್ ಜೆಟ್, ಇದು ಸೂಜಿ, ಇದು ಸ್ಪ್ರಿಂಗು. ನಾನು ಹಾರಾಡಿದೆ. ಪೆಟ್ರೋಲು ವಾಸನೆ ಹೊಡೆಯುವ ತಟ್ಟೆಯಲ್ಲಿ ಇನ್ನು ಇಡ್ಲಿ ಬೇಯಿಸುವುದುಂಟೇ! ಆದರೆ ಎಂಟು ದಿನದಲ್ಲಿ ನಾನೇ ಮೆಟ್ಟಿಲ ಕೆಳಗೆ ಸ್ಟೂಲು ಹಾಕಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಿದ ಭಾಗವನ್ನು ಕೊಡುವವಳಾದೆ. ಇಡೀ ದಿನ ಪಾಠ ಮಾಡಿ ಅಭ್ಯಾಸವಾದ ಬಾಯಿಗೂ ಒಂದು ಕೆಲಸ ಸಿಕ್ಕಿತು.

ಯಾಕೆಂದರೆ ಸುತ್ತು ಎಣಿಸುವುದು ನನ್ನ ಪಾಲಿಗೆ ಬಂತು. ಏರ್ ಸ್ಕ್ರೂ ಎನ್ನುವುದನ್ನು ಮೊದಲು ಪೂರ್ತಿ ಒಳಕ್ಕೆ, ಮೆಲ್ಲಗೆ, ತಾಗುವವರೆಗೆ ತಿರುಗಿಸಬೇಕು. ಆಮೇಲೆ ಹೊರಕ್ಕೆ ಇಷ್ಟು ಸುತ್ತು ಎಂದು ಲೆಕ್ಕ ಹಾಕಿ ಬಿಡಬೇಕು. ಸ್ಕ್ರೂ ಹೊರಬಂದಷ್ಟೂ ಒಳಗೆ ಗಾಳಿ ಹೆಚ್ಚು. ಗಾಳಿ ಹೆಚ್ಚಾದರೆ ಎಂಜಿನ್ ಏದುಸಿರು ಬಿಟ್ಟು ನಿಂತುಹೋಗುತ್ತದೆ, ಕಡಿಮೆಯಾದರೆ ಹೊಗೆ ಕಾರುತ್ತದೆ. ಇವರು ಉದ್ದನೆಯ ಸ್ಕ್ರೂಡ್ರೈವರೊಂದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. “ನಾನು ಕೇಳಿಸ್ಕೋತೀನಿ, ನೀನು ಎಣಿಸು ಕಣೇ. ಎರಡೂ ಒಟ್ಟಿಗೆ ನನ್ ಕೈಲಾಗಲ್ಲ.” ಒಂದು ಭಾನುವಾರ ಎಂಜಿನ್ ಮೊದಲ ಸಲ ನಿಲ್ಲದೆ, ಕೆಮ್ಮದೆ, ಒಂದೇ ಸಮನೆ ಓಡಿತು. ಎಷ್ಟು ಎಂದು ಕೇಳಿದರು. ಒಂದೂವರೆ ಎಂದೆ. ಸೀಮೆಸುಣ್ಣ ತಂದು ಮೆಟ್ಟಿಲ ಕೆಳಗಿನ ಗೋಡೆಯ ಮೇಲೆ ಕರಿಹಲಗೆಯ ಅಕ್ಷರದಲ್ಲಿ ಬರೆದೆ: ಒಂದೂವರೆ ಸುತ್ತು. ಇವರು ಅದನ್ನು ನೋಡಿ ಸಣ್ಣ ಹುಡುಗನ ಹಾಗೆ ನಕ್ಕರು. ಆ ಬರಹ ಈಗಲೂ ಇದೆ. ಅಳಿಸಲು ಎಷ್ಟೋ ಸಲ ಕೈ ಎತ್ತಿದ್ದೇನೆ.

ಇಷ್ಟು ಜೊತೆಗಿದ್ದು ಮಾಡಿದವಳು ಯಾಕೆ ಹಾಗೆ ಮಾಡಿದೆ — ಬರೆಯಲು ಕುಳಿತರೆ ಕಾರಣಗಳು ಒಂದರ ಮೇಲೊಂದು ಬರುತ್ತವೆ, ಒಂದನ್ನೂ ಪೂರ್ತಿ ನಂಬಲು ಆಗುವುದಿಲ್ಲ.

ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಇವರು ತಾರಸಿಯಿಂದ ಒಣಗಿದ ಬಟ್ಟೆ ತರುತ್ತಿದ್ದವರು ಮೆಟ್ಟಿಲ ಮೇಲೆ ಥಟ್ಟನೆ ಕುಳಿತುಬಿಟ್ಟರು. ಮುಖ ಬೆವೆತಿತ್ತು. ತಲೆ ಸುತ್ತಿದಂತಾಯಿತು ಎಂದರು. ನೀರು ಕೊಟ್ಟೆ. ಐದು ನಿಮಿಷದಲ್ಲಿ ಎದ್ದರು. ಎದ್ದವರೇ ಹೇಳಿದ್ದು ಒಂದೇ ಮಾತು, “ಸುಮಂಗೆ ಹೇಳ್ಬೇಡ ಕಣೇ. ಬೈಕ್ ಮುಟ್ಟೋಕೇ ಬಿಡಲ್ಲ ಅವ್ಳು.” ಹೇಳುವುದಿಲ್ಲ ಎಂದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಹಬ್ಬ ಮುಗಿಯಲಿ ಎಂದರು.

ಸುಮ ಇರುವುದು ಕೆಂಗೇರಿ ಉಪನಗರದಲ್ಲಿ. ವಿಜಯದಶಮಿಯ ದಿನ ಮೊದಲ ಸವಾರಿ ಅಲ್ಲಿಗೆ ಎಂದು ಇವರು ಎಂಟು ತಿಂಗಳಿಂದ ಹೇಳಿಕೊಂಡು ಬಂದಿದ್ದರು. “ನೀನು ಮೆಟ್ರೋದಲ್ಲಿ ಮುಂಚೆ ಹೋಗಿ ಅವ್ಳ ಗೇಟ್ ಹತ್ರ ನಿಂತಿರು. ನಾನು ಬರೋದನ್ನ ನೀನು ನೋಡ್ಬೇಕು.” ಹಿಂದೆ ಕೂರಿಸಿಕೊಳ್ಳುವುದಿಲ್ಲ, ಬರುವುದನ್ನು ನೋಡಬೇಕು! ಮೈಸೂರು ರಸ್ತೆಯಲ್ಲಿ ಲಾರಿ, ಬಸ್ಸು — ಅದರ ನಡುವೆ ತಲೆ ಸುತ್ತಿ — ನಾನು ರಾತ್ರಿಯಿಡೀ ಇದನ್ನೇ ಕಣ್ಣ ಮುಂದೆ ತಂದುಕೊಂಡು ಹೊರಳಾಡಿದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಹೊರಳಾಡಿದ್ದು ನಿಜ. ಆದರೆ ಭಯ ಒಂದೇ ಇದ್ದಿದ್ದರೆ ಒಂದು ಫೋನು ಸಾಕಿತ್ತು. ಸುಮಳಿಗೆ ಹೇಳಿದ್ದರೆ ಅವಳು ಮರುಗಳಿಗೆಯಲ್ಲೇ ಬಂದು ಕೀಲಿ ಕಸಿದುಕೊಂಡು ಹೋಗುತ್ತಿದ್ದಳು, ಇವರು ಒಂದು ವಾರ ನನ್ನ ಮೇಲೆ ಮುಖ ಊದಿಸಿಕೊಂಡಿರುತ್ತಿದ್ದರು. ಆ ಒಂದು ವಾರದ ಮುನಿಸು ನನಗೆ ಬೇಡವಾಗಿತ್ತೇ? ಒಳ್ಳೆಯವಳಾಗಿಯೇ ಇದ್ದುಕೊಂಡು ಕೆಲಸ ಸಾಧಿಸಬೇಕೆನಿಸಿತೇ? ಅಥವಾ ಎಂಟು ತಿಂಗಳು ತಟ್ಟೆ ಹಿಡಿದು ಕುಳಿತವಳನ್ನು ಗೇಟಿನ ಹತ್ತಿರ ನಿಲ್ಲು ಎಂದದ್ದು — ಛೆ, ಇಷ್ಟು ಸಣ್ಣದಕ್ಕೆ ಯಾರಾದರೂ...

ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ.

ಇವರ ತಂದೆ ಮರಗೆಲಸದವರು. ಆಯುಧಪೂಜೆಗೆ ಇಟ್ಟ ಹತಾರವನ್ನು ಮಾರನೆಯ ದಿನ ಪೂಜೆ ಇಳಿಸುವವರೆಗೆ ಯಾರೂ ಮುಟ್ಟಕೂಡದು ಎನ್ನುವುದು ಆ ಮನೆಯ ಕಟ್ಟುನಿಟ್ಟು. ಹತಾರಗಳಿಗೂ ವರ್ಷಕ್ಕೆ ಒಂದು ದಿನ ನಿದ್ದೆ ಬೇಕು ಎನ್ನುತ್ತಿದ್ದರಂತೆ. ಸೊಸೆಯಾಗಿ ಬಂದ ನಾನು ಇವರಿಗಿಂತ ಕಟ್ಟುನಿಟ್ಟಾದೆ. ಸುಮ ಚಿಕ್ಕವಳಿದ್ದಾಗ ಜಡೆಯ ರಿಬ್ಬನ್ ಕತ್ತರಿಸಲು ಪೂಜೆಯ ಕತ್ತರಿ ಎತ್ತಿಕೊಂಡಳೆಂದು ಹಬ್ಬದ ದಿನವೇ ಅವಳನ್ನು ಹೊಡೆದು ಅಳಿಸಿದ್ದೇನೆ. ಇವರು ಆಗ ಅಡ್ಡ ಬಂದು, ಬಿಡೇ ಮಗು, ಎಂದಿದ್ದರು.

ಮೂರು ವರ್ಷದ ಹಿಂದಿನ ಆ ಆಯುಧಪೂಜೆಯ ಬೆಳಿಗ್ಗೆ ಇವರು ಕೊನೆಯ ಸಲ ಏರ್ ಸ್ಕ್ರೂ ಹೊಂದಿಸಿದರು. ನಾನು ಎಣಿಸಿದೆ. ಒಂದೂವರೆ. ಎಂಜಿನ್ ಆರಿಸಿ, ಬೈಕು ತೊಳೆದು, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿದರು. ಹಲಗೆಯ ಮೇಲೆ ಸ್ಪ್ಯಾನರುಗಳು, ಸ್ಕ್ರೂಡ್ರೈವರುಗಳು, ಸುತ್ತಿಗೆ, ಪಕ್ಕದಲ್ಲಿ ನನ್ನ ಚಾಕು, ಈಳಿಗೆಮಣೆ, ಹೊಲಿಗೆಯ ಕತ್ತರಿ — ಎಲ್ಲಕ್ಕೂ ಅರಿಶಿನ, ಕುಂಕುಮ. ಬೂದುಗುಂಬಳಕಾಯಿ ಒಡೆದಾಯಿತು. ಊಟ ಮಾಡಿ ಇವರು ಮಲಗಿದರು. ಮೂರು ಗಂಟೆ ಇರಬೇಕು, ನಾನು ಪಾತ್ರೆ ತೊಳೆದಿಟ್ಟು ಮೆಟ್ಟಿಲ ಕೆಳಗೆ ಹೋದೆ. ಹೋಗುವಾಗ ಏನು ಮಾಡಬೇಕೆಂದು ತೀರ್ಮಾನವಾಗಿತ್ತೇ? ಹಾರ ಸರಿಮಾಡಲು ಹೋದೆ ಎಂದು ನನಗೆ ನಾನೇ ಹೇಳಿಕೊಂಡ ನೆನಪಿದೆ. ಮೊದಲು ಹೆಬ್ಬೆರಳಿನ ಉಗುರಿನಿಂದ ತಿರುಗಿಸಲು ನೋಡಿದೆ. ಉಗುರು ಮುರಿಯಿತು. ಬೇರೆ ಚಾಕು ಚೂರಿ ಏನೂ ಇರಲಿಲ್ಲ, ಮನೆಯ ಎಲ್ಲ ಮೊನಚೂ ಪೂಜೆಯಲ್ಲಿತ್ತು. ಚಪ್ಪಲಿ ಬಿಟ್ಟು, ಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡೆ. ಚಪ್ಪಲಿ ಬಿಟ್ಟೆ ನೋಡಿ, ಅದೊಂದು ಭಕ್ತಿ!

ಎರಡು ಸುತ್ತು. ಬಾಯಲ್ಲೇ ಎಣಿಸಿದೆ. ಆಮೇಲೆ ಹಿಡಿಯ ಮೇಲಿನ ಕುಂಕುಮ ನನ್ನ ಬೆರಳಿಗೆ ಮೆತ್ತಿಕೊಂಡಿದ್ದು ಕಂಡಿತು. ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದು, ಉಂಗುರದ ಬೆರಳಿನಿಂದ ಅದೇ ಜಾಗಕ್ಕೆ, ಅಷ್ಟೇ ಅಗಲಕ್ಕೆ ಇಟ್ಟೆ. ತಿರುಗಿಸುವಾಗ ಸ್ಕ್ರೂಡ್ರೈವರ್ ಎರಡು ಸಲ ಜಾರಿತ್ತು. ಕುಂಕುಮ ಇಡುವಾಗ ಬೆರಳು ಒಂದಿಷ್ಟೂ ಜಾರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಬಗ್ಗೆಯೇ ಹೆದರಿಕೆಯಾಗುತ್ತದೆ.

ವಿಜಯದಶಮಿಯ ಬೆಳಿಗ್ಗೆ ಪೂಜೆ ಇಳಿಸಿದರು. ಪುಟ್ಟರಾಜು ಹೊಸ ಅಂಗಿ ಹಾಕಿಕೊಂಡು ಬಂದಿದ್ದ, ಎದುರುಮನೆಯವರು ಗೇಟಿಗೆ ಬಂದು ನಿಂತಿದ್ದರು. ನಾನು ಮೆಟ್ರೋಗೆ ಹೊರಡುವ ಮುಂಚೆ ಒಂದು ಸಲ ಸ್ಟಾರ್ಟ್ ಮಾಡಿ ತೋರಿಸಲೆಂದು ಇವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಕಿಕ್ಕರ್ ಒದ್ದರು. ಎಂಜಿನ್ ಹತ್ತಿಕೊಂಡಿತು, ಏದುಸಿರು ಬಿಟ್ಟಿತು, ನಿಂತಿತು. ಮತ್ತೆ ಒದ್ದರು. ಮತ್ತೆ ನಿಂತಿತು. ಐದಾರು ಸಲ. ಸ್ಟಾರ್ಟ್ ಆಗದಿದ್ದರೆ ಇವತ್ತಿಗೆ ಬಿಟ್ಟುಬಿಡುತ್ತಾರೆ, ಹಬ್ಬ ಮುಗಿದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಾಯಿತು ಎಂದು ನನ್ನ ಲೆಕ್ಕ. ಎಂಥ ದಡ್ಡಿ ನಾನು. ಎಂಟು ತಿಂಗಳು ಪಕ್ಕದಲ್ಲಿ ಕುಳಿತು ನೋಡಿದ್ದೇನು? ಇವರು ಅರೆಗಳಿಗೆ ಕಿವಿಗೊಟ್ಟು ಕೇಳಿ, “ಗಾಳಿ ಜಾಸ್ತಿ ಎಳೀತಾ ಇದೆ” ಎಂದು ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡರು. ಒಳಕ್ಕೆ ತಿರುಗಿಸುತ್ತ ತಾವೇ ಎಣಿಸಿದರು. ಒಂದು, ಎರಡು, ಮೂರು, ಮೂರೂವರೆ. ತಾಗಿತು. ವಾಪಸ್ ಒಂದೂವರೆ ಬಿಟ್ಟು ಒದ್ದರು. ಎಂಜಿನ್ ಆ ಭಾನುವಾರದ ಹಾಗೆಯೇ ಓಡತೊಡಗಿತು. ಪುಟ್ಟರಾಜು ಚಪ್ಪಾಳೆ ತಟ್ಟಿದ.

ಇವರು ಮಾತ್ರ ಸ್ಕ್ರೂಡ್ರೈವರಿನ ಹಿಡಿ ನೋಡುತ್ತಿದ್ದರು. ಕುಂಕುಮ ಇಟ್ಟ ಹಾಗೇ ಇತ್ತು. ನನ್ನ ಕಡೆ ತಿರುಗಿ, ಅರ್ಧ ನಗುತ್ತ ಕೇಳಿದರು, “ಒಂದೂವರೆ ಅಲ್ವೇನೇ ಇಟ್ಟಿದ್ದು? ಇದೆಂಗೆ ಮೂರೂವರೆ ಆಯ್ತು?”

ಆಗ ನಾನು ಅಂದೆ, “ಪೂಜೆಗೆ ಮುಂಚೆ ನೀವೇ ಇನ್ನೊಂದ್ಸಲ ತಿರುಗ್ಸಿದ್ರಲ್ಲ. ಮರೆತ್ರಾ?”

ಇದೇ ಆ ಮಾತು.

ಸಿಕ್ಕಿಬೀಳುವ ಭಯಕ್ಕೆ ಬಾಯಿಂದ ಜಾರಿದ್ದೇ? ಅಥವಾ ಎಂಜಿನ್ ಓಡುತ್ತಿದೆ, ಇನ್ನು ಹೊರಟೇಬಿಡುತ್ತಾರೆ ಎಂದು ಕಂಡು, ಬೇಕೆಂದೇ ಎತ್ತಿಕೊಂಡ ಎರಡನೆಯ ಹತಾರವೇ? ಮೂರು ವರ್ಷದಿಂದ ಇದೊಂದನ್ನು ತಿಳಿಯಲು ಹೆಣಗುತ್ತಿದ್ದೇನೆ. ಕೆಲವು ದಿನ ಮೊದಲನೆಯದೇ ನಿಜ ಅನಿಸುತ್ತದೆ. ಕೆಲವು ದಿನ, ಮಾತಾಡುವ ಮುಂಚೆ ನಾನು ಒಂದು ಕ್ಷಣ ಯೋಚಿಸಿದ್ದು ಸ್ಪಷ್ಟವಾಗಿ ನೆನಪಾಗುತ್ತದೆ. ‘ಮರೆತ್ರಾ’ ಎನ್ನುವ ಪದವನ್ನು ನಾನು ಹೇಳಲೇಬೇಕಾಗಿರಲಿಲ್ಲ. ‘ನಂಗೊತ್ತಿಲ್ಲ’ ಎಂದಿದ್ದರೂ ನಡೆಯುತ್ತಿತ್ತು.

ಇವರ ನಗು ಅರ್ಧದಲ್ಲೇ ನಿಂತಿತು. ಗೋಡೆಯ ಮೇಲಿನ ನನ್ನ ಅಕ್ಷರ ನೋಡಿದರು, ನನ್ನನ್ನು ನೋಡಿದರು. ಎಣಿಸುವವಳು ನಾನಲ್ಲವೇ. ಪೂಜೆಗಿಟ್ಟ ಹತಾರವನ್ನು ಯಾರೂ ಮುಟ್ಟುವುದಿಲ್ಲ, ಕುಂಕುಮವೂ ಅಳಿಸಿಲ್ಲ. ಉಳಿದಿದ್ದು ಒಂದೇ ದಾರಿ — ತಮ್ಮನ್ನು ತಾವು ಅನುಮಾನಿಸುವುದು. ಕೈ ಚಾಚಿ ಎಂಜಿನ್ ಆರಿಸಿದರು.

“ಯಾಕ್ ಗುರುಗಳೇ, ಚೆನ್ನಾಗೇ ಓಡ್ತಿತ್ತಲ್ಲ?” ಎಂದ ಪುಟ್ಟರಾಜು.

“ಬ್ಯಾಡ ಕಣೋ. ಸ್ಕ್ರೂ ತಿರುಗ್ಸಿದ್ದೇ ಜ್ಞಾನ ಇಲ್ಲ ನಂಗೆ. ಬ್ರೇಕ್ ನಟ್ ಬಿಗಿ ಮಾಡಿದೀನೋ ಇಲ್ವೋ ಯಾರಿಗ್ಗೊತ್ತು?”

ನಿಂಬೆಹಣ್ಣು ಒಡೆಯದೆ ಹಾಗೇ ಉಳಿಯಿತು. ಇಬ್ಬರೂ ಮೆಟ್ರೋದಲ್ಲಿ ಕೆಂಗೇರಿಗೆ ಹೋದೆವು. ಇಡೀ ದಾರಿ ಇವರು ಕಿಟಕಿಯಾಚೆ ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದರು. ನನಗೆ — ಹೇಳಿಬಿಡುತ್ತೇನೆ — ಆಗ ಸಮಾಧಾನವೇ ಆಗಿತ್ತು.

ಮುಂದಿನ ವಾರ ಡಾಕ್ಟರು ನೋಡಿ, ಬಿಪಿ ಮಾತ್ರೆ ಸ್ವಲ್ಪ ಜಾಸ್ತಿಯಾಗಿ ತಲೆ ಸುತ್ತಿದೆ ಎಂದು ಮಾತ್ರೆ ಬದಲಿಸಿದರು. ಆಮೇಲೆ ಒಂದು ದಿನವೂ ಇವರಿಗೆ ತಲೆ ಸುತ್ತಲಿಲ್ಲ. ಅಂದರೆ ಒಂದೇ ವಾರಕ್ಕೆ ನನ್ನ ಭಯಕ್ಕೆ ಕಾರಣವೇ ಇಲ್ಲದಂತಾಯಿತು. ಆ ಸಂಜೆಯೇ ಹೇಳಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತೋ ಏನೋ. ನಾಳೆ ಹೇಳೋಣ ಎಂದುಕೊಂಡೆ.

ಇವರು ಬೈಕನ್ನು ಮತ್ತೆ ಬಿಚ್ಚಿ ಪ್ರತಿಯೊಂದು ನಟ್ಟನ್ನೂ ನೋಡಿದರು. ಒಂದೂ ಸಡಿಲವಿರಲಿಲ್ಲ. ಅದರಿಂದ ಧೈರ್ಯ ಬರಬೇಕಿತ್ತು, ಬರಲಿಲ್ಲ. ‘ಇದನ್ನು ನೋಡಿದ್ದೇನೆ’ ಎನ್ನುವುದನ್ನೇ ನಂಬದವರಿಗೆ ನೋಡಿದ್ದರಿಂದ ಏನು ಪ್ರಯೋಜನ? ಭಾನುವಾರಗಳಲ್ಲಿ ಹಳೆಯ ಬೈಕುಗಳನ್ನು ತಳ್ಳಿಕೊಂಡು, “ಸ್ವಲ್ಪ ಕಿವಿ ಕೊಟ್ಟು ಕೇಳಿ ಗುರುಗಳೇ” ಎಂದು ಬರುತ್ತಿದ್ದ ಪುಟ್ಟರಾಜುವಿಗೆ, “ನನ್ನ ನಂಬ್ಕೊಂಡು ಕೆಲ್ಸ ಕೆಡಿಸ್ಕೋಬೇಡಪ್ಪ” ಎಂದು ಕೈಮುಗಿದರು. ಅವನು ನಾಲ್ಕು ಸಲ ಬಂದ, ಆಮೇಲೆ ಬರುವುದು ಬಿಟ್ಟ. ಟಾರ್ಪಾಲು ಮತ್ತೆ ಬೈಕಿನ ಮೇಲೆ ಬಂತು.

ಗ್ಯಾಸ್ ಆರಿಸಿದ್ನಾ? ಬೀಗ ಹಾಕಿದ್ನಾ? ಮಾತ್ರೆ ತಗೊಂಡ್ನಾ? ಎಲ್ಲಕ್ಕೂ ನನ್ನನ್ನೇ ಕೇಳತೊಡಗಿದರು. ಎಲ್ಲಕ್ಕೂ ನಾನು ಉತ್ತರ ಕೊಟ್ಟೆ. ಸುಳ್ಳು ಹೇಳುವುದಿಲ್ಲ, ಮೊದಲ ಕೆಲವು ತಿಂಗಳು ನನಗೆ ಹಿತವಾಗಿಯೇ ಇತ್ತು. ಜೀವಮಾನವಿಡೀ ಯಂತ್ರಗಳಿಗೆ ಕಿವಿಗೊಟ್ಟವರು ಈಗ ನನ್ನ ಮಾತಿಗೆ ಕಾಯುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಹಿಂದೆಯೇ. ಇದನ್ನೂ ಬರೆಯಬೇಕು.

ಹೋದ ವರ್ಷ ಸುಮ ಹಟ ಮಾಡಿ ಮರೆವಿನ ಪರೀಕ್ಷೆ ಮಾಡುವ ಡಾಕ್ಟರ ಬಳಿ ಕರೆದೊಯ್ದಳು. ಗಡಿಯಾರದ ಚಿತ್ರ ಬರೆಯಿಸಿದರು, ಐದು ಪದ ಹೇಳಿ ನೆನಪಿಡಿ ಎಂದರು. ಇವರಿಗೆ ನಾಲ್ಕು ನೆನಪಿತ್ತು. ವಯಸ್ಸಿಗೆ ತಕ್ಕ ಹಾಗಿದೆ ಎಂದರು ಡಾಕ್ಟರು. ಆಮೇಲೆ, ಮರೆವು ಮೊದಲು ಗಮನಕ್ಕೆ ಬಂದದ್ದು ಯಾವಾಗ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಇವರೇ ಹೇಳಿದರು, “ಆಯುಧಪೂಜೆ ದಿನ ಸಾರ್. ಏರ್ ಸ್ಕ್ರೂ ತಿರುಗ್ಸಿ ಮರೆತೋದೆ. ಇವ್ಳು ನೋಡಿದಾಳೆ.” ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಬರೆದುಕೊಂಡರು. ಇವರ ಫೈಲಿನ ಮೊದಲ ಹಾಳೆಯ ಮೊದಲ ಸಾಲು ನನ್ನ ಸುಳ್ಳು.

ಈಗ ನಿಜವಾದ ತೊಂದರೆ ಶುರುವಾಗಿದೆ. ಹೋದ ತಿಂಗಳು ಕೊತ್ತಂಬರಿ ಸೊಪ್ಪು ತರಲು ಹೋದವರು ಬರಿಗೈಯಲ್ಲಿ ಬಂದು, ಯಾಕೆ ಹೋಗಿದ್ದೆ ಎಂದು ನನ್ನನ್ನು ಕೇಳಿದರು. ಇದು ನಿಜವಾದ ಮರೆವೇ? ಅಥವಾ ನಾನು ಕಲಿಸಿದ ಮರೆವೇ? ನಾನೂ ಆ ವಾರ ಎರಡು ಸಲ ಹಾಲು ಉಕ್ಕಿಸಿದೆ. ಆದರೆ ನಾನು ‘ಅಯ್ಯೋ’ ಎಂದು ಒಲೆ ಒರೆಸಿ ಮುಂದೆ ಹೋದೆ, ಇವರು ಸೊಪ್ಪು ಮರೆತು ಎರಡು ದಿನ ಮಾತು ಬಿಟ್ಟು ಕುಳಿತರು. ತಮ್ಮ ಮೇಲೆ ತಮಗೇ ನಂಬಿಕೆ ಹೋದವರ ನೆನಪು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಹೊರಗಿನವರು ಹೇಗೆ ಹೇಳುವುದು? ಒಳಗಿನವಳಾದ ನನಗೇ ತಿಳಿಯುತ್ತಿಲ್ಲ. ಮುಂದೆ ಇವರಿಗೆ ನಿಜವಾಗಿ ಮರೆವು ಬಂದರೂ ಅದು ಬಂದದ್ದು ಯಾವ ದಿನದಿಂದ, ನನ್ನಿಂದ ಎಷ್ಟು ಪಾಲು ಎಂದು ತಿಳಿಯದೆಯೇ ನಾನು ಬದುಕಬೇಕು.

ಮೊನ್ನೆ ಭಾನುವಾರ ಬೆಳಿಗ್ಗೆ ಪುಟ್ಟರಾಜು ಬಂದ. ಇವರೇ ಕರೆಸಿದ್ದರು, ನನಗೆ ಹೇಳಿರಲಿಲ್ಲ. ಟಾರ್ಪಾಲು ತೆಗೆದು, ಕೀಲಿ ಅವನ ಕೈಗಿಟ್ಟು, “ತಗೊಂಡ್ಹೋಗು. ನಿನ್ ಕೈಲಾದ್ರೂ ಓಡ್ಲಿ” ಎಂದರು. ಇಡ್ಲಿ ತಟ್ಟೆಯನ್ನೂ ಹಳೆಯ ಬಟ್ಟೆಯಲ್ಲಿ ಒರೆಸಿ ಅವನಿಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದ. ನಾನು ತಟ್ಟೆ ಕಸಿದುಕೊಂಡೆ. ಬೈಕು ಎಲ್ಲಿಗೂ ಹೋಗುವುದಿಲ್ಲ ಎಂದು ಗದರಿ ಅವನನ್ನು ಕಳಿಸಿದೆ. ಗೇಟು ಹಾಕಿ ಬಂದು ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಇವರಿಗೆ ಹೇಳಿದೆ. ಉಗುರು ಮುರಿದದ್ದು, ಎರಡು ಸುತ್ತು, ಕುಂಕುಮ, ಆ ಮಾತು, ಡಾಕ್ಟರ ಮುಂದೆ ತಲೆಯಾಡಿಸಿದ್ದು — ಒಂದನ್ನೂ ಬಿಡಲಿಲ್ಲ.

ಇವರು ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡೆ. ಎದ್ದು ಹೋಗುತ್ತಾರೆ ಎಂದುಕೊಂಡೆ. ಇವರು ನನ್ನ ತಲೆಯ ಮೇಲೆ ಕೈಯಿಟ್ಟರು.

“ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ, ಗೊತ್ತಾಗತ್ತೆ ಕಣೇ. ಪೂಜೆಗಿಟ್ಟಿದ್ದನ್ನ ನೀನು ಮುಟ್ತೀಯಾ? ಕತ್ತರಿ ಮುಟ್ಟಿದ್ದಕ್ಕೆ ಮಗೂನ ಹೊಡ್ದವ್ಳು ನೀನು.”

ಆಣೆ ಮಾಡಿದೆ. ಅತ್ತುಬಿಟ್ಟೆ. ಇವರು ನನಗೆ ನೀರು ತಂದುಕೊಟ್ಟರು. “ಸಾಕು ಬಿಡು, ನಂಗೋಸ್ಕರ ಇಷ್ಟು ಸುಳ್ಳು ಹೇಳ್ಬೇಡ” ಎಂದರು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವರು, ನಿಜ ಹೇಳಿದರೆ ಒಂದು ಗಂಟೆಯಾದರೂ ನಂಬಲಿಲ್ಲ. ನನ್ನ ಮೇಲಿನ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಅದನ್ನು ಉಳಿಸಿಕೊಳ್ಳಲು ಇವರು ತಮ್ಮ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದಾರೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದರ ಒಂದು ಪ್ರತಿ ಸುಮಳಿಗೆ, ಒಂದು ಡಾಕ್ಟರಿಗೆ. ಮೊದಲ ಹಾಳೆಯ ಮೊದಲ ಸಾಲನ್ನು ಅವರು ಹೊಡೆದುಹಾಕಬೇಕು. ಪುಟ್ಟರಾಜುವಿಗೆ ನಾನೇ ಹೋಗಿ ಹೇಳುತ್ತೇನೆ.

ಇವರಿಗೆ ಬರಹದಿಂದ ಆಗುವುದಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವ ಕೆಲಸ ಇವರದು. ಇನ್ನು ಹನ್ನೊಂದು ದಿನಕ್ಕೆ ಆಯುಧಪೂಜೆ. ಬೈಕು ತೊಳೆದು ಪೂಜೆಗೆ ಇಡಿ ಎಂದು ಕಾಡಿ ಬೇಡಿ ಒಪ್ಪಿಸಿದ್ದೇನೆ. ಆ ದಿನ ಮಧ್ಯಾಹ್ನ ಊಟವಾದ ಮೇಲೆ ಇವರನ್ನು ಮಲಗಲು ಬಿಡುವುದಿಲ್ಲ. ಆ ಸ್ಟೂಲಿನ ಮೇಲೆ ಕೂರಿಸುತ್ತೇನೆ. ಮೂರು ಗಂಟೆಗೆ, ಇವರ ಕಣ್ಣೆದುರೇ, ಹಲಗೆಯ ಮೇಲಿಂದ ಆ ಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡು ಏರ್ ಸ್ಕ್ರೂವನ್ನು ಎರಡು ಸುತ್ತು ಹೊರಕ್ಕೆ ತಿರುಗಿಸುತ್ತೇನೆ. ಆಮೇಲೆ ಅಳಿಸಿದ ಕುಂಕುಮವನ್ನು ಅದೇ ಜಾಗಕ್ಕೆ, ಅಷ್ಟೇ ಅಗಲಕ್ಕೆ ಇಟ್ಟು ತೋರಿಸುತ್ತೇನೆ. ನನ್ನ ಕೈಗೆ ಅದು ಎಷ್ಟು ಚೆನ್ನಾಗಿ ಬರುತ್ತದೆಂದು ಕಂಡರೆ ಇವರು ನಂಬದೆ ಇರಲಾರರು.

ನಂಬಿದ ಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಗ್ಯಾಸ್ ಆರಿಸಿದ್ನಾ ಎಂದು ಇವರು ನನ್ನನ್ನು ಮತ್ತೆ ಕೇಳದಿರಬಹುದು. ಏನನ್ನೂ ಕೇಳದಿರಬಹುದು. ಕೇಳಬಾರದು ಕೂಡ. ಆ ದಿನ ಸ್ಕ್ರೂ ತಿರುಗಿಸುವುದು ನಾನು. ಗಟ್ಟಿಯಾಗಿ ಎಣಿಸುವುದು ಇವರು.